ಎರೆ ಮಣ್ಣಿನಲ್ಲಿ ಹಳೆ ಜಿಪ್ಸಿ: ಮುಂದಿನ ಗಾಲಿಯ ನಕಲ್ ನೋಡದೆ ತಗೋಬೇಡಿ

ಹಳೆ ಮಾರುತಿ ಜಿಪ್ಸಿ ತಗೋಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಟಯರ್ ಬಗ್ಗೆ ಕೇಳುತ್ತಾರೆ. ಆಮೇಲೆ ಗಾಡಿ ಎತ್ತರಿಸುವ ಲಿಫ್ಟ್, ಆಮೇಲೆ ಹೂತ ಗಾಡಿ ಎಳೆಯುವ ವಿಂಚ್. ಮುಂದಿನ ಆಕ್ಸಲ್‌ನ ನಕಲ್, ಅಂದರೆ ಸ್ಟೀರಿಂಗ್ ಜೊತೆ ಗಾಲಿಯನ್ನು ತಿರುಗಿಸುವ ಕೀಲು, ಹೇಗಿದೆ ಅಂತ ಒಬ್ಬರೂ ಕೇಳಲ್ಲ. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಅದೇ, ಹಾಗಾಗಿ ಇಲ್ಲಿ ಜಾಸ್ತಿ ಮಾತು ಅದರದೇ ಇರುತ್ತದೆ. ಇಂಜಿನ್ ಎಷ್ಟು ಸಿಸಿ, ಪವರ್ ಎಷ್ಟು ಅನ್ನೋದೆಲ್ಲ ನೀವು ಎಲ್ಲೋ ಓದಿಯೇ ಬಂದಿರುತ್ತೀರಿ, ಅದನ್ನು ಬಿಡೋಣ.

ನನ್ನದು 2003ರ ಜಿಪ್ಸಿ ಕಿಂಗ್, ಪೆಟ್ರೋಲ್, ಬಟ್ಟೆ ಟಾಪ್. 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ವಿಜಯಪುರದಲ್ಲಿ, ದ್ರಾಕ್ಷಿ ತೋಟ ತಿಕೋಟಾ ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ತೋಟದವರೆಗೆ ಎರೆ ಹೊಲಗಳ ನಡುವಿನ ದಾರಿ. ಬೇಸಿಗೆಯಲ್ಲಿ ಯಾವ ಕಾರಾದರೂ ಹೋಗುತ್ತದೆ. ಆದರೆ ನಮ್ಮ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ದ್ರಾಕ್ಷಿ ಚಾಟಣಿ, ಅಂದರೆ ಬಳ್ಳಿ ಕತ್ತರಿಸೋದೂ ಆಗಲೇ. ಚಾಟಣಿ ಆಗಿ ಚಿಗುರು ಬಿಟ್ಟಿರುವಾಗ ಮಳೆ ಹಿಡಿದರೆ ಡೌನಿ ರೋಗ ಬೀಳುತ್ತದೆ, ಅವತ್ತೇ ಔಷಧಿ ಹೊಡೆಯಬೇಕು. ದಾರಿ ಒಣಗಲಿ, ನಾಳೆ ನೋಡೋಣ ಅಂತ ಕೂತರೆ ಆ ವರ್ಷದ ಬೆಳೆ ಹೋಯಿತು. ನಾನು ಫೋರ್ ವೀಲ್ ಡ್ರೈವ್ ತಗೊಂಡಿದ್ದು ಈ ಕಾರಣಕ್ಕೆ. ಖಾನಾಪುರದ ಕಾಡು ದಾರಿ, ಬಾದಾಮಿ ಸುತ್ತಿನ ಕಲ್ಲು ದಾರಿ ಎಲ್ಲ ಆಮೇಲೆ ಹತ್ತಿದ ಹುಚ್ಚು.

ಎರೆ ಮಣ್ಣು ಗೊತ್ತಿಲ್ಲದವರಿಗೆ ಒಂದು ಮಾತು. ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ತೇವ ಹಿಡಿದಿಟ್ಟುಕೊಳ್ಳುವ ಗುಣ ಇರೋದಕ್ಕೇ ಹಿಂಗಾರಿನಲ್ಲಿ ಮಳೆ ಇಲ್ಲದಿದ್ದರೂ ಬಿಳಿಜೋಳ ಬರುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅಂತ ನಮ್ಮ ಹಿರಿಯರು ಹೇಳೋದು ಡೋಣಿ ಹೊಳೆ ಬಯಲಿನ ಈ ಮಣ್ಣನ್ನೇ ನೆನೆದು. ಅದೇ ಗುಣ ಗಾಡಿಗೆ ಶಾಪ. ಹಸಿ ಎರೆ ಟಯರಿನ ಹಲ್ಲುಗಳ ಸಂದಿಗೆ ತುಂಬಿಕೊಂಡು ನಾಲ್ಕು ಸುತ್ತಿನಲ್ಲಿ ಗಾಲಿಯನ್ನು ಬೋಳು ಮಾಡಿಬಿಡುತ್ತದೆ. ಭಾರದ ಗಾಡಿ ಇಳಿದುಬಿಡುತ್ತದೆ. ಜಿಪ್ಸಿ ಬಟ್ಟೆ ಟಾಪ್‌ನ ತೂಕ ಸಾವಿರ ಕೆಜಿಯೊಳಗೆ, 985. ಈ ಒಂದು ಕಾರಣಕ್ಕೆ ನಮ್ಮ ಭೂಮಿಗೆ ಇದರಷ್ಟು ಒಪ್ಪುವ ಗಾಡಿ ನಾನು ನೋಡಿಲ್ಲ. ಪಕ್ಕದ ತೋಟದ ದೊಡ್ಡ ಡೀಸೆಲ್ ಜೀಪ್ ಅಚ್ಚಿನವರೆಗೆ ಹೂತು ನಿಂತ ಜಾಗದಲ್ಲಿ ಇದು ಮೇಲೆ ಮೇಲೆ ದಾಟಿ ಬಂದಿದೆ.

ಆದ್ದರಿಂದ ನನ್ನ ಮಾಡಿಫಿಕೇಶನ್ ಪಟ್ಟಿ ತುಂಬ ಚಿಕ್ಕದು. ತೂಕ ಹೆಚ್ಚಿಸುವ ಯಾವುದನ್ನೂ ಹಾಕಿಲ್ಲ. ಕಬ್ಬಿಣದ ಬಂಪರ್ ಇಲ್ಲ, ವಿಂಚ್ ಇಲ್ಲ, ಮೇಲೆ ಕ್ಯಾರಿಯರ್ ಇಲ್ಲ. ಗಾಡಿ ಮುಂದೆ ಕಟ್ಟುವ ಬುಲ್ ಬಾರ್ ಹಾಕಬಾರದು ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರದಿಂದ ಸೂಚನೆ ಬಂದಿದೆ. ಕಂಪನಿ ಕೊಟ್ಟ ರಚನೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆರ್‌ಟಿಒ ಪಾಸಿಂಗ್‌ಗೆ ನಿಂತಾಗ ಇವೆಲ್ಲ ಎದುರಿಗೆ ಬರುತ್ತವೆ, ನೆನಪಿರಲಿ.

ಎದ್ದು ಕಾಣುವ ಬದಲಾವಣೆ ಅಂದರೆ ಟಯರ್ ಒಂದೇ. ಕಂಪನಿಯದು 205/70 ಆರ್15. ನಾನು ಹಾಕಿರೋದು 215/75 ಆರ್15, ಅದೂ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್. ಬಹಳ ಜನ 235/75ಕ್ಕೆ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ: ಕಂಪನಿ ಟಯರಿನ ಎತ್ತರ 668 ಮಿಮೀ, 235/75ರದು ಸುಮಾರು 733. ನೆಲದಿಂದ ಸಿಗುವ ಎತ್ತರ ಇದರ ಅರ್ಧ, ಮೂರು ಸೆಂಟಿಮೀಟರ್ ಚಿಲ್ಲರೆ. ಅದಕ್ಕೆ ಪ್ರತಿಯಾಗಿ ಗೇರಿಂಗ್ ಹತ್ತು ಪರ್ಸೆಂಟ್ ಉದ್ದ ಆಗುತ್ತದೆ, ಅಂದರೆ ಎಳೆತ ಅಷ್ಟು ಕಡಿಮೆ, ಮೀಟರ್ 60 ತೋರಿಸುವಾಗ ನೀವು 66ರಲ್ಲಿ ಇರುತ್ತೀರಿ, ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಭುಜ ಬಿದ್ದುಹೋಗುತ್ತದೆ, ಲಿಫ್ಟ್ ಬೇರೆ ಬೇಕಾಗುತ್ತದೆ. ಎರೆಯಲ್ಲಿ ಅಗಲ ಟಯರಿಗಿಂತ ಗಾಳಿ ಇಳಿಸುವುದೇ ಜಾಸ್ತಿ ಕೆಲಸ ಮಾಡುತ್ತದೆ. ಡಾಂಬರು ಬಿಡುವಾಗ 18 ಪಿಎಸ್‌ಐಗೆ ಇಳಿಸುತ್ತೇನೆ, ವಾಪಸ್ ಬಂದು ಕಾಲಿನ ಪಂಪ್‌ನಲ್ಲಿ ತುಂಬುತ್ತೇನೆ.

ಇನ್ನು ನಕಲ್.

ಜಿಪ್ಸಿಯ ಮುಂದಿನ ಆಕ್ಸಲ್‌ನ ಎರಡೂ ತುದಿಯಲ್ಲಿ ಒಂದೊಂದು ಉಕ್ಕಿನ ಗುಂಡು ಇದೆ. ಅದರ ಮೇಲೆ ನಕಲ್ ತಿರುಗುತ್ತದೆ. ನಕಲ್ ತಿರುಗುವ ಗೂಟಗಳಾಗಿ ಮೇಲೊಂದು ಕೆಳಗೊಂದು ಕಿಂಗ್‌ಪಿನ್, ಎರಡಕ್ಕೂ ಬೇರಿಂಗ್. ಒಳಗೆ ಗ್ರೀಸ್ ತುಂಬಿದ ಜಾಯಿಂಟ್. ಗುಂಡನ್ನು ಹಿಂದಿನಿಂದ ಒತ್ತಿ ಹಿಡಿದು ಒರೆಸುತ್ತಾ ಇರುವ ಒಂದು ಸೀಲ್, ಫೆಲ್ಟ್ ಮತ್ತು ರಬ್ಬರ್‌ನದು. ಹೊರಗಿನ ಕೊಳೆ ಒಳಗೆ ಹೋಗದಂತೆ ತಡೆಯೋದು ಇದೊಂದೇ. ಒಳಗಡೆ ಇನ್ನೊಂದು ಆಯಿಲ್ ಸೀಲ್ ಇದೆ, ಅದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೇರ್‌ಗಳ ಆಯಿಲ್ ಅನ್ನು ನಕಲ್‌ಗೆ ಬರದಂತೆ ತಡೆಯುತ್ತದೆ.

ಈಗ ಎರೆ ಮಣ್ಣನ್ನು ತನ್ನಿ. ಹಸಿ ಮಣ್ಣು ಆ ಗುಂಡಿಗೆ ಮೆತ್ತಿಕೊಳ್ಳುತ್ತದೆ. ಗಾಡಿ ತಂದು ಮನೆ ಮುಂದೆ ನಿಲ್ಲಿಸುತ್ತೀರಿ, ರಾತ್ರಿ ಒಣಗುತ್ತದೆ, ಸ್ಕ್ರೂಡ್ರೈವರ್‌ನಿಂದ ಕೆರೆದರೂ ಏಳದಷ್ಟು ಗಟ್ಟಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದರೆ ಆ ಒಣಗಿದ ಹೆಂಟೆ ಸೀಲ್‌ನ ತುಟಿಯನ್ನು ಕೊಯ್ಯುತ್ತದೆ. ಆಮೇಲೆ ಪ್ರತಿ ಮಳೆಗೂ ನೀರು, ಧೂಳು ಒಳಗೆ. ಬೇರಿಂಗ್ ಸವೆಯುತ್ತದೆ, ಕಿಂಗ್‌ಪಿನ್ ಸಡಿಲ ಆಗುತ್ತದೆ. ಒಂದು ದಿನ 55, 60ರ ವೇಗದಲ್ಲಿ ರಸ್ತೆಯ ಒಂದು ತಗ್ಗಿಗೆ ಗಾಲಿ ಬಡಿಯುತ್ತದೆ, ಸ್ಟೀರಿಂಗ್ ಕೈಯಲ್ಲಿ ನಿಲ್ಲದಂತೆ ಎಡಬಲ ಒದರಲು ಶುರು. ಗಾಡಿ ಪೂರ್ತಿ ನಿಧಾನ ಆಗುವವರೆಗೆ ನಿಲ್ಲಲ್ಲ. ಜಮಖಂಡಿ ರಸ್ತೆಯಲ್ಲಿ ಹೆಂಡತಿ ಮಕ್ಕಳು ಜೊತೆಗಿದ್ದಾಗ ನನಗೆ ಹಾಗಾಯಿತು. ಆ ಭಯ ಹೇಳಿ ಮುಗಿಯಲ್ಲ.

ಇಲ್ಲಿ ನನಗೆ ನಿಜಕ್ಕೂ ಕೋಪ ಬಂದಿದ್ದು ಒಂದು ಗ್ಯಾರೇಜ್ ಮೇಲೆ. ಗಾಲಿ ಎತ್ತಿಯೂ ನೋಡದೆ, ನಡುಕ ಹೀರುವ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸಿದರು. ಕೆಲವು ತಿಂಗಳು ನಡುಕ ಇರಲಿಲ್ಲ, ಒಳಗೆ ಬೇರಿಂಗ್ ಮಾತ್ರ ಸವೆಯುತ್ತಲೇ ಇತ್ತು, ಮತ್ತೆ ಅದೇ ಕಥೆ. ಡ್ಯಾಂಪರ್ ರೋಗ ಮುಚ್ಚಿಡುತ್ತದೆ, ಅಷ್ಟೆ. ಪಾಟಾ ಸ್ಪ್ರಿಂಗ್ ತುದಿಯ ಕೊಂಡಿಗೆ (ಶ್ಯಾಕಲ್) ಬದಲು ಉದ್ದದ್ದು ಹಾಕಿ ಎತ್ತರ ಮಾಡಿದ ಗಾಡಿಗಳಲ್ಲಿ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕ್ಯಾಸ್ಟರ್ ಕೋನ ಕಡಿಮೆಯಾಗಿ ಇದು ಇನ್ನೂ ಬೇಗ ಬರುತ್ತದೆ. ಅದಕ್ಕೂ ಡ್ಯಾಂಪರೇ ಮದ್ದು ಅಂತ ಮಾರುವವರಿದ್ದಾರೆ. ದುಡ್ಡು ಹೋದರೆ ಹೋಗಲಿ, ಪ್ರಾಣದ ವಿಷಯ ಅಲ್ವಾ ಇದು?

ಕೊನೆಗೆ ಸರಿ ಮಾಡಿಕೊಟ್ಟಿದ್ದು ಗೋಳಗುಮ್ಮಟದ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ನಾವೆಲ್ಲ ಚಾಚಾ ಅಂತೀವಿ. ನಾನು ಡ್ಯಾಂಪರ್ ಕಥೆ ಶುರು ಮಾಡಿದ ತಕ್ಷಣ, "ಮೊದಲ ಗಾಲಿ ಎತ್ತರಿ ಸಾವ್ಕಾರ್ರ, ಆಮ್ಯಾಲೆ ಮಾತಾಡೂಣು" ಅಂದರು. ಜಾಕ್ ಏರಿಸಿ ಟಯರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಆಟ ಇತ್ತು, ಅಂದರೆ ಸಡಿಲ. ನನಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ಒತ್ತಿದಾಗ ಆಟ ಹೋದರೆ ವೀಲ್ ಬೇರಿಂಗ್, ಹೋಗದಿದ್ದರೆ ಕಿಂಗ್‌ಪಿನ್. ನನ್ನದರಲ್ಲಿ ಹೋಗಲಿಲ್ಲ.

ಬೇರಿಂಗ್, ಸೀಲ್ ಎಲ್ಲ ಹೊಸದು ಹಾಕಿದ ಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ ಆಯಿತು. ಗುಂಡಿನ ಸೀಲ್ ಕೂರಿಸುವ ಮೊದಲು, ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಬಿಚ್ಚಿ, ನಕಲ್ ತೋಳಿನ ತೂತಿಗೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆದರು. ನಕಲ್ ಅಲುಗಾಡಲು ಶುರುವಾಗುವಾಗ ತಕ್ಕಡಿ 1 ಕೆಜಿಯಿಂದ 1.8 ಕೆಜಿ ಒಳಗೆ ತೋರಿಸಬೇಕು. ಕಡಿಮೆ ಬಂದರೆ ಕಿಂಗ್‌ಪಿನ್ ಅಡಿಯ ತಗಡಿನ ಶಿಮ್ ಒಂದು ತೆಗೆಯಬೇಕು, ಜಾಸ್ತಿ ಬಂದರೆ ಸೇರಿಸಬೇಕು. ಕಾಗದದಷ್ಟು ತೆಳುವಾದ ಶಿಮ್‌ಗಳು. ಒಂದು ಬದಿಗೇ ಮಧ್ಯಾಹ್ನ ಪೂರ್ತಿ ಹೋಯಿತು. ಡ್ಯಾಂಪರ್ ಬಿಚ್ಚಿ ಪಕ್ಕಕ್ಕಿಟ್ಟರು. ಅವತ್ತಿನಿಂದ ಇವತ್ತಿನವರೆಗೆ 80ರಲ್ಲೂ ನಡುಕ ಇಲ್ಲ. ಎರಡೂ ಬದಿಯ ಬೇರಿಂಗ್, ಸೀಲ್, ಕೂಲಿ ಸೇರಿ ಆದ ಖರ್ಚು ನನ್ನ ಒಂದು ಟಯರಿನ ಬೆಲೆಗಿಂತ ಕಡಿಮೆ.

ಈಗ ಮಳೆಗಾಲದಲ್ಲಿ ತೋಟದಿಂದ ಬಂದರೆ ಊಟಕ್ಕೆ ಮೊದಲು ಈ ಕೆಲಸ. ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಎಡಗಡೆ ಗುಂಡಿನ ಹಿಂಭಾಗಕ್ಕೆ ಬಕೆಟ್ ನೀರು. ಪ್ರೆಶರ್ ಗನ್ ಬೇಡ, ಅದು ಮಣ್ಣನ್ನು ಸೀಲ್ ಒಳಗೇ ನೂಕುತ್ತದೆ. ಹಳೆ ಟೂತ್ ಬ್ರಶ್‌ನಿಂದ ಸೀಲ್ ಹಿಡಿದಿರುವ ಪ್ಲೇಟ್‌ನ ಅಂಚು ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಬೆರಳಿಗೆ ಸ್ವಲ್ಪ ಗ್ರೀಸ್ ತಗೊಂಡು ಗುಂಡಿನ ಮೇಲೆ ತೆಳ್ಳಗೆ ಸವರುತ್ತೇನೆ. ಆಮೇಲೆ ಸ್ಟೀರಿಂಗ್ ಎಡಕ್ಕೆ, ಬಲಗಡೆಯ ಗುಂಡು. ಗುಂಡು ಹೊಳೆಯುತ್ತಾ ತೆಳು ಎಣ್ಣೆ ಪಸೆ ಇದ್ದರೆ ಆರೋಗ್ಯ. ಟಯರಿನ ಒಳಬದಿಗೆ ಕಪ್ಪು ಎಣ್ಣೆ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಹೋಗಿದೆ, ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸ್ ತೆಳ್ಳಗಾಗಿ ಸುರಿಯುತ್ತಿದೆ ಅಂತ ಅರ್ಥ. ಮಗಳಿಗೂ ಇದು ಅಭ್ಯಾಸ ಆಗಿದೆ, ಟಾರ್ಚ್ ಹಿಡಿದು "ಪಪ್ಪಾ, ಈ ಕಡೆ ಇನ್ನೂ ಮಣ್ಣೈತಿ" ಅಂತ ತೋರಿಸುತ್ತಾಳೆ. ಈ ಹೊತ್ತು ನನಗೆ ಬೇಜಾರಿನ ಕೆಲಸ ಅನಿಸಿಲ್ಲ.

ಖಾನಾಪುರ, ಜಾಂಬೋಟಿ ಕಡೆ ಹೋದರೆ ಕೆಂಪು ಮಣ್ಣು, ಅಷ್ಟು ಅಂಟಲ್ಲ. ಅಲ್ಲಿ ಕಾಟ ನೀರಿನದು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ತೂತಾದ ಬ್ರೀದರ್‌ನಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ. ಬ್ರೀದರ್‌ಗೆ ರಬ್ಬರ್ ಪೈಪ್ ಜೋಡಿಸಿ ಇಂಜಿನ್ ರೂಮಿನ ಮೇಲ್ಭಾಗಕ್ಕೆ ಕಟ್ಟಿದ್ದೇನೆ. ನಾನು ಮಾಡಿಸಿದ ಎಲ್ಲ ಮಾಡಿಫಿಕೇಶನ್‌ಗಳಲ್ಲಿ ಅತಿ ಅಗ್ಗದ್ದು ಇದು, ಅತಿ ಉಪಯೋಗದ್ದೂ ಇದೇ. ಭೀಮಗಡ ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವವರನ್ನು ಕಂಡರೆ ನನಗೆ ಆಗಲ್ಲ. ಹೊರಗೆ ಬೇಕಾದಷ್ಟು ದಾರಿ ಇದೆ.

ಇಷ್ಟೆಲ್ಲ ದೂರಿದ ಮೇಲೂ ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, ಲೋ ರೇಂಜ್, ನಿಧಾನಕ್ಕೆ ಬಲವಾಗಿ ಎಳೆಯುವ ಗೇರ್. ನನ್ನ ಗಾಡಿಗೆ ಕೈಯಿಂದ ತಿರುಗಿಸುವ ಹಬ್ ಇದೆ, ಅದನ್ನು ಲಾಕ್ ಮಾಡಿದರೇ ಮುಂದಿನ ಗಾಲಿಗೂ ಶಕ್ತಿ ಹೋಗೋದು. ಎರೆ ಶುರುವಾಗುವ ಕಡೆ ಇಳಿದು ಎರಡೂ ಹಬ್ ಲಾಕ್ ಮಾಡಿ, ನಿಂತಲ್ಲೇ ಸಣ್ಣ ಲಿವರ್ ಎಳೆದು ಫೋರ್ ಲೋಗೆ ಹಾಕಿ, ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಕೂತರೆ ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತಾ ಇರುತ್ತದೆ. ಎರೆಯಲ್ಲಿ ಗೆಲ್ಲೋದು ಈ ನಿಧಾನವೇ. ಗಾಲಿ ನಿಂತಲ್ಲೇ ಸುತ್ತದಿದ್ದರೆ ಹಲ್ಲು ತುಂಬಿಕೊಂಡರೂ ಗಾಡಿ ಮುಂದೆ ಹೋಗುತ್ತದೆ. ಮೊದಲ ಸಲ ಇದು ಅನುಭವಕ್ಕೆ ಬಂದಾಗ, ಸಾರವಾಡ ಕಡೆ ಸೋದರಮಾವನ ಹೊಲದಲ್ಲಿ, ನಾನು ಸುಮ್ನೆ ನಗುತ್ತಾ ಕೂತಿದ್ದೆ.

ಪಾಟಾ ಸ್ಪ್ರಿಂಗ್ ಒದೆಯುತ್ತದೆ, ಎಸಿ ಇಲ್ಲ, ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ಇದನ್ನು ಓಡಿಸುವುದು ಶಿಕ್ಷೆ. ಲೀಟರಿಗೆ ಹತ್ತರ ಸುತ್ತ ಕೊಡುತ್ತದೆ, ಟ್ಯಾಂಕ್ 40 ಲೀಟರ್. ದಿನಾ ಆಫೀಸಿಗೆ ಹೋಗಲು ಒಂದೇ ಗಾಡಿ ಬೇಕು ಅನ್ನುವವರು ಇದನ್ನು ತಗೋಬೇಡಿ. ಎರಡನೇ ಗಾಡಿಯಾಗಿ, ಹೊಲ ತೋಟಕ್ಕೆ, ವರ್ಷಕ್ಕೊಮ್ಮೆ ನಕಲ್ ತೆರೆಸಲು ಖರ್ಚು ಎತ್ತಿಡುವವರು ಧೈರ್ಯವಾಗಿ ತಗೊಳ್ಳಿ. ಇಂಜಿನ್ ಸದ್ದು ಕೇಳುವ ಮೊದಲು ಮುಂದಿನ ಗಾಲಿ ಎತ್ತಿಸಿ ಅಲ್ಲಾಡಿಸಿ ನೋಡಿ. ಮಾರುವವರು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದದ ಖರ್ಚೂ ಲೆಕ್ಕಕ್ಕೆ ಹಿಡಿಯಿರಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2018ರಲ್ಲಿ ಇದರ ಶುಲ್ಕ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ನನ್ನದು ಮತ್ತೆ ಬರೋದು 2028ಕ್ಕೆ. ಕಟ್ಟುತ್ತೇನೆ. ಅಷ್ಟರೊಳಗೆ ಬಿಡಿಭಾಗ ಸಿಗೋದು ಕಷ್ಟ ಆಗಬಹುದು ಅಂತ ಹೋದ ತಿಂಗಳು ಬೆಳಗಾವಿಗೆ ಹೋದಾಗ ಎರಡು ಜೊತೆ ಗುಂಡಿನ ಸೀಲ್, ಒಂದು ಸೆಟ್ ಕಿಂಗ್‌ಪಿನ್ ಬೇರಿಂಗ್ ತಂದು ಎತ್ತಿಟ್ಟಿದ್ದೇನೆ.