ಬಾಬಿ ಗಾಡಿ ತಗೊಳ್ಳೋರೇ, ಟಾಕಿಗೆ ಹೊಸ ಪೇಂಟ್ ಇದ್ದರೆ ಹುಷಾರು

ಹಳೇ ಗಾಡಿ ಕೊಳ್ಳುವವರು ಮೊದಲು ಎಂಜಿನ್ ನೋಡುತ್ತಾರೆ. ಕಿಕ್ ಹೊಡೆಯುತ್ತಾರೆ, ಸೈಲೆನ್ಸರ್ ಹೊಗೆ ನೋಡುತ್ತಾರೆ, ಚಾಸಿ ನಂಬರ್ ತಿಕ್ಕಿ ಓದುತ್ತಾರೆ. ಪೆಟ್ರೋಲ್ ಟಾಕಿಗೆ ಹೊಸ ಬಣ್ಣ ಇದ್ದರೆ ಖುಷಿಪಟ್ಟು ಸುಮ್ಮನಾಗುತ್ತಾರೆ. ಆ ಬಣ್ಣವನ್ನೇ ಮೊದಲು ಅನುಮಾನಿಸಿ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಗಾಡಿ ರಾಜದೂತ್ ಜಿಟಿಎಸ್ 175. ಎಸ್ಕಾರ್ಟ್ಸ್ ಕಂಪನಿಯದು. ಸಣ್ಣ ಗಾಲಿ, ಗಿಡ್ಡ ಮೈ, ಟೂ-ಸ್ಟ್ರೋಕ್ ಎಂಜಿನ್. 1973ರ 'ಬಾಬಿ' ಸಿನಿಮಾದಲ್ಲಿ ರಿಷಿ ಕಪೂರ್ ಓಡಿಸಿದ ಮೇಲೆ ಇದರ ಹೆಸರೇ ಬಾಬಿ ಆಯಿತು. ಜಿಟಿಎಸ್ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯೋದಿಲ್ಲ. ಬಾಬಿ ಅಂದರೆ ಸಾಕು, ವಯಸ್ಸಾದವರ ಮುಖ ಅರಳುತ್ತದೆ. ಈ ಪ್ರೀತಿಗೆ ಎಷ್ಟು ರೇಟು ಕಟ್ಟಬಹುದು ಅನ್ನೋದು ಮಾರುವವರಿಗೂ ಚೆನ್ನಾಗಿ ಗೊತ್ತು.

ನನಗೆ ಸಿಕ್ಕಿದ್ದು ರಾಣೆಬೆನ್ನೂರು ಕಡೆಯ ಒಬ್ಬರ ಹತ್ತಿರ. ಹೆಸರು ಬೇಡ. "ಟಾಕಿ ಪೂರಾ ರೆಡಿ ಐತ್ರಿ ಸರ. ಒಳಗ ಕೋಟಿಂಗ್ ಸೈತ ಮಾಡಿಸೀನಿ. ನೀವು ಎಂಜಿನ್ ಅಷ್ಟ ನೋಡ್ಕೋರಿ" ಅಂದರು. ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು. ಅವರು ಹೇಳಿದ ಬೆಲೆಯಲ್ಲಿ ಆ ಹೊಳಪಿನದ್ದೇ ದೊಡ್ಡ ಪಾಲು.

ಧಾರವಾಡಕ್ಕೆ ತಂದು ಹಿತ್ತಲ ಕೋಣೆಯಲ್ಲಿ ನಿಲ್ಲಿಸಿದೆ. ನನ್ನ ಪಾನಾ, ವೈಸು, ಡಬ್ಬಿ ಎಲ್ಲ ಅಲ್ಲೇ ಇರೋದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದೆ, ಚಾಲೂ ಆಯಿತು. ಆಮೇಲೆ ಕಾರ್ಬೊರೇಟರ್ ಮೇಲಿಂದ ಮೇಲೆ ಕಟ್ಟಿಕೊಳ್ಳೋಕೆ ಶುರು. ಬಿಚ್ಚಿ ನೋಡಿದರೆ ಅದರೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳದಲ್ಲಿ ಕಂದು ಬಣ್ಣದ ಅಂಟು. ಟಾಕಿಯ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಕಳಚಿದರೆ ಅದರ ಜಾಳಿಗೆಗೆ ಉಗುರಗಲದ ಸಿಪ್ಪೆಗಳು ಮೆತ್ತಿಕೊಂಡಿದ್ದವು. ಬೆರಳಲ್ಲಿ ಹಿಡಿದು ಎಳೆದರೆ ಚೂಯಿಂಗ್ ಗಮ್ ಹಾಗೆ ಉದ್ದಕ್ಕೆ ಬರುತ್ತಿತ್ತು. ಅವರು ಹೇಳಿದ 'ಕೋಟಿಂಗ್' ಅದೇ.

ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಎಥೆನಾಲ್ ಕಳಪೆ ವಾರ್ನಿಶ್ ಕರಗಿಸುತ್ತದೆ, ಹಳೇ ರಬ್ಬರ್ ಪೈಪನ್ನು ಉಬ್ಬಿಸುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ತಳಕ್ಕಿಳಿದು ಟಾಕಿಗೆ ಒಳಗಿಂದ ತುಕ್ಕು ಹಿಡಿಯುತ್ತದೆ. ಹೊಸ ಗಾಡಿ ತಡೆದುಕೊಳ್ಳಬಹುದು. ಇಂಥ ಹಳೇ ಟಾಕಿಗೆ ಯಾರೋ ಬಳಿದ ಅಗ್ಗದ ಲೇಪ ತಡೆಯೋದಿಲ್ಲ.

ಒಂದು ಬೆಳಿಗ್ಗೆ ಅವ್ವ ಕೂಗಿದಳು. ನಮ್ಮದು ಹಳೇ ಮನೆ. ಬಚ್ಚಲಲ್ಲಿ ಇನ್ನೂ ಹಂಡೆ, ಒಲೆ ಇವೆ. ಹಿತ್ತಲ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಬಾಗಿಲು. ಒಲೆಗೆ ಕಟ್ಟಿಗೆ ಒಟ್ಟಿ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ತಮ್ಮಾ, ಪೆಟ್ರೋಲ್ ವಾಸನಿ ಬರಾಕತ್ತೈತಿ ನೋಡೋ" ಅಂದಳು. ಗಾಡಿಯ ಕೆಳಗೆ ನೆಲವೆಲ್ಲ ಒದ್ದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗೋದಿಲ್ಲ, ನೆಲಕ್ಕೆ ಅಂಟಿಕೊಂಡು ಬಾಗಿಲ ಸಂದಿಯಿಂದ ಹರಿದು ಹೋಗುತ್ತದೆ. ಬಚ್ಚಲ ಒಲೆ ಇರೋದೂ ನೆಲದ ಮಟ್ಟದಲ್ಲೇ, ಅಲ್ವಾ? ಗಾಳಿಯಲ್ಲಿ ಶೇ 1.4ರಷ್ಟು ಆವಿ ಬೆರೆತರೂ ಸಾಕು, ಒಂದು ಕಡ್ಡಿಗೆ ಹೊತ್ತಿಕೊಳ್ಳುತ್ತದೆ. ಅವ್ವನ ಮೂಗಿಗೆ ಶರಣು.

ಟಾಕಿಯ ಬಣ್ಣ ಕೆರೆದೆ. ಕೆಳಗಿನ ಜೋಡಣೆಯ ಉದ್ದಕ್ಕೂ ಪುಟ್ಟಿ, ಪುಟ್ಟಿಯ ಕೆಳಗೆ ಎಂ-ಸೀಲ್ ಅಂಟು, ಅದರ ಕೆಳಗೆ ತಗಡೇ ಇಲ್ಲ! ಸಾಸಿವೆ ಕಾಳಿನಷ್ಟು ತೂತುಗಳ ಸಾಲು. ಅರಿವೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಟಾಕಿಯ ಮೇಲೆಲ್ಲ ಆಡಿಸಿದರೆ ಇದು ಕೊಳ್ಳುವ ಮೊದಲೇ ತಿಳಿಯುತ್ತದೆ. ದಪ್ಪ ಪುಟ್ಟಿ ಇದ್ದ ಕಡೆ ಅದು ಹಿಡಿಯೋದಿಲ್ಲ. ಕಾಕ್ ಬಿಚ್ಚಿಸಿ, ಮುಚ್ಚಳ ತೆಗೆದು ಬ್ಯಾಟರಿ ಬೆಳಕು ಬಿಟ್ಟು ಒಳಗೂ ನೋಡಿ. ಒಳಗೆ ನುಣ್ಣಗೆ ಬಣ್ಣ ಬಳಿದಂತೆ ಕಂಡರೆ ಯಾಕೆ ಬಳಿದರು ಅಂತ ಕೇಳಿ.

ಮುಂದಿನದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿ. ಬಿಸಿನೀರು, ಸೋಪಿನ ಪುಡಿ ಹಾಕಿ ಚೆನ್ನಾಗಿ ತೊಳೆದ ಮೇಲೇ ಬೆಂಕಿ ಹಿಡಿಯಬೇಕು ಅಂತ ಹೇಳಿಯೇ ಕೊಟ್ಟಿದ್ದೆ. ಅವರು ಒಮ್ಮೆ ತಣ್ಣೀರು ಹಾಕಿ ಕುಲುಕಿ ಚೆಲ್ಲಿದರು. "ಖಾಲಿ ಟಾಕಿ ಐತ್ರಿ, ಏನೂ ಆಗಂಗಿಲ್ಲ" ಅಂದು, ನಾನು ಬ್ಯಾಡ ಅನ್ನುವಷ್ಟರಲ್ಲಿ ಗ್ಯಾಸ್ ಹಚ್ಚಿಬಿಟ್ಟರು. ಢಬ್ ಅಂತ ಸದ್ದು. ಮುಚ್ಚಳ ಹಾರಿ ತಗಡಿನ ಚಾವಣಿಗೆ ಬಡಿಯಿತು, ಕೆಳಗಿನ ಜೋಡಣೆ ಬಾಯಿ ಬಿಟ್ಟಿತು. ಅಲ್ಲಿದ್ದ ಹುಡುಗನ ಹುಬ್ಬು, ಮುಂಗೈ ಕೂದಲು ಸುಟ್ಟವು. ಅಷ್ಟಕ್ಕೇ ಮುಗಿಯಿತು ಅನ್ನೋದು ಅವನ ಪುಣ್ಯ.

ತುಂಬಿದ ಟಾಕಿಗಿಂತ ಖಾಲಿ ಟಾಕಿ ಅಪಾಯ. ತುಂಬಿದ್ದರೆ ಒಳಗೆ ಗಾಳಿ ಕಡಿಮೆ. ಖಾಲಿಯಾದಾಗ ಆವಿಯೂ ಗಾಳಿಯೂ ಬೆರೆತು ತಯಾರಾಗಿ ಕೂತಿರುತ್ತವೆ. ತುಕ್ಕಿನಲ್ಲಿ, ಜೋಡಣೆಯ ಸಂದಿಯಲ್ಲಿ, ಆ ದರಿದ್ರ ಲೇಪದಲ್ಲಿ ಇಂಗಿದ ಪೆಟ್ರೋಲ್ ಕಾವು ತಾಗಿದ ಕೂಡಲೇ ಮತ್ತೆ ಆವಿಯಾಗುತ್ತದೆ. ಟಾಕಿ ಕೆಲಸವನ್ನೇ ಮಾಡುವವರಾದರೆ ಮೊದಲು ಹಬೆ ಹಾಯಿಸಿ ತೊಳೆಯುತ್ತಾರೆ, ತೂತಿನ ಮಟ್ಟದವರೆಗೆ ನೀರು ತುಂಬಿಕೊಂಡು ಬೆಸುಗೆ ಹಾಕುತ್ತಾರೆ. ಹಾಗೆ ಮಾಡದವರ ಹತ್ತಿರ ಟಾಕಿ ಬಿಡಬೇಡಿ. ಮನೆಯಲ್ಲಂತೂ ಬೆಂಕಿ ಬೇಡವೇ ಬೇಡ.

ತುಕ್ಕು ತೆಗೆಯೋಕೆ ಆ್ಯಸಿಡ್ ಸುರಿಯಿರಿ ಅಂತ ಬಹಳ ಜನ ಹೇಳುತ್ತಾರೆ. ಅದರ ಹೊಗೆಗೆ ಕೋಣೆಯಲ್ಲಿರುವ ಪಾನಾಗಳಿಗೆಲ್ಲ ತುಕ್ಕು ಹಿಡಿಯುತ್ತದೆ, ಎದೆಗೂ ಕೆಟ್ಟದ್ದು. ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಪುಡಿ) ಸಾಕು. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಹಾಕಿ ಒಂದು ರಾತ್ರಿ ಬಿಡಿ. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ, ಇಲ್ಲದಿದ್ದರೆ ಸಂಜೆಗೇ ಮತ್ತೆ ಕೆಂಪಾಗುತ್ತದೆ. ಕೆರೆಯೋಕೆ ಒಳಗೆ ನಟ್ಟು ಹಾಕಿ ಕುಲುಕುವವರು ಎಣಿಸಿ ಹಾಕಿ. ಸೋರಿಕೆ ನೋಡೋಕೆ ನೀರು ತುಂಬಿ, ಪೆಟ್ರೋಲ್ ಅಲ್ಲ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. "ವಿಂಟೇಜ್ ನಂಬರ್ ಮಾಡಿಸ್ಕೋರಿ, ಆರಾಮ ಓಡಾಡ್ರಿ" ಅಂತಲೂ ಗಾಡಿ ಮಾರಿದವರು ಹೇಳಿದ್ದರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಆ ನೋಂದಣಿ ಇದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಇದನ್ನು ಅವರು ಹೇಳಲಿಲ್ಲ.

ಟಾಕಿ ಗುಜರಿಗೆ ಹೋಯಿತು. ಮಾರಿದವರು ಈಗ ಫೋನ್ ಎತ್ತೋದಿಲ್ಲ. ನಾನು ಬೇರೆ ಟಾಕಿ ಹುಡುಕುತ್ತಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರ ಅಟ್ಟದ ಮೇಲಾದರೂ ಬಾಬಿ ಟಾಕಿ ಇದ್ದರೆ ತಿಳಿಸಿ. ತುಕ್ಕು ಎದ್ದು ಕಾಣುತ್ತಿದ್ದರೂ ಪರವಾಗಿಲ್ಲ, ಪೇಂಟ್ ಮಾತ್ರ ಹೊಡೆಸಬೇಡಿ.