ಸಣ್ಣ ತಗಡಿನ ಡಬ್ಬಿಗೆ ಯಾವ ಹೊದಿಕೆ: ಸ್ಪ್ರೇ ಬಣ್ಣವೋ, ಕಾಗದವೋ, ಬಟ್ಟೆಯೋ, ಸ್ಟಿಕ್ಕರ್ರೋ?

ಡಬ್ಬಿಗೆ ಚೆಂದದ ಕಾಗದ ಅಂಟಿಸಿ, ವಾರ್ನಿಷ್ ಹಚ್ಚಿ, ಒಣಗಿಸಿ, ಕೊನೆಗೆ ಮುಚ್ಚಳ ಹಾಕಲು ಹೋದರೆ ಅದು ಕೂರುವುದೇ ಇಲ್ಲ. ಒತ್ತಿ ಕೂರಿಸಿದರೆ ಕಾಗದ ಸುರುಳಿಯಾಗಿ ಕಿತ್ತು ಬರುತ್ತದೆ. ಮಿಂಟ್ ಗುಳಿಗೆಗಳು ಬರುವಂಥ ಕೀಲು ಮುಚ್ಚಳದ ಡಬ್ಬಿಗಳಲ್ಲಿ ಮುಚ್ಚಳದ ಅಂಚು ತಳದ ಗೋಡೆಯ ಮೇಲೆ ಜಾರಿ ಕೂರುತ್ತದೆ, ನಡುವಿನ ಸಂದು ತೀರಾ ಕಿರಿದು. ಹಾಗಾಗಿ ಯಾವ ಹೊದಿಕೆ ಒಳ್ಳೆಯದು ಎಂಬ ಪ್ರಶ್ನೆ ಅಂದಕ್ಕಿಂತ ಹೆಚ್ಚಾಗಿ ದಪ್ಪಕ್ಕೆ ಸಂಬಂಧಿಸಿದ್ದು. ನಾಲ್ಕು ಬಗೆಯನ್ನೂ ಒಂದೇ ಅಳತೆಯ ಡಬ್ಬಿಗಳಿಗೆ ಹಾಕಿ, ಬೀಗದ ಕೈಗಳ ಜೊತೆ ಚೀಲದಲ್ಲಿ ಓಡಾಡಿಸಿ ನೋಡಿದ ಮೇಲಿನ ಮಾತು ಇದು.

ಯಾವುದನ್ನೇ ಆರಿಸಿಕೊಂಡರೂ ಮೊದಲ ಕೆಲಸ ಒಂದೇ. ಮುಚ್ಚಳ ಮುಚ್ಚಿ, ಅದರ ಅಂಚು ತಳಕ್ಕೆ ತಾಗುವಲ್ಲಿ ಸುತ್ತಲೂ ಚೂಪು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆ ಗೆರೆಗೆ 1 ಮಿ.ಮೀ. ಕೆಳಗೇ ಎಲ್ಲ ಹೊದಿಕೆಯೂ ನಿಲ್ಲಬೇಕು. ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಕೀಲಿನ ಸಂದಿನ ನೀರೂ ಆರುವಂತೆ ಡಬ್ಬಿಯನ್ನು ತೆರೆದಿಟ್ಟು ಒಣಗಿಸಿ. 400 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೊರಮೈಯ ಹೊಳಪು ಮಂಕಾಗುವಷ್ಟು ಮಾತ್ರ ಉಜ್ಜಬೇಕು, ಅಚ್ಚಾದ ಅಕ್ಷರ ಪೂರ್ತಿ ಹೋಗಲೆಂದು ಹಟ ಹಿಡಿಯಬೇಡಿ. ಈ ತಗಡು ತೆಳು ಉಕ್ಕಿನ ಹಾಳೆ, ಅದರ ಮೇಲೆ ತವರದ ಪದರ, ಅದರ ಮೇಲೆ ಕಾರ್ಖಾನೆಯ ಬಣ್ಣ. ತವರವೂ ಹೋಗುವಷ್ಟು ಉಜ್ಜಿ ಉಕ್ಕು ಬಯಲಾದರೆ, ನೀರು ಬೆರೆತ ಬಣ್ಣವೋ ಅಂಟೋ ತಾಗಿದ ಕೂಡಲೇ ಕಂದು ಚುಕ್ಕೆ ಏಳುತ್ತದೆ. ಕೊನೆಗೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಇರುವಲ್ಲಿ ಬಣ್ಣ ಹಿಡಿಯುವುದಿಲ್ಲ.

ಜೇಬಿನಲ್ಲಿ, ಚೀಲದಲ್ಲಿ ತಿರುಗುವ ಡಬ್ಬಿಗೆ ಸ್ಪ್ರೇ ಎನಾಮೆಲ್ ಬಣ್ಣಕ್ಕೆ ಸಾಟಿಯಿಲ್ಲ. ನಾಲ್ಕರಲ್ಲಿ ಇದರ ಪದರವೇ ತೆಳು. ಮೊದಲು ಲೋಹಕ್ಕೆ ಹೊಡೆಯುವ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಹಾಕುವ ಅಡಿಪದರ, ಒಂದು ಕೋಟ್, ಅದರ ಮೇಲೆ 20–25 ಸೆಂ.ಮೀ. ದೂರದಿಂದ ಮಂಜು ಕವಿದಂತೆ ಮೂರು ತೆಳು ಕೋಟ್. ಹತ್ತಿರ ಹಿಡಿದು ಒಂದೇ ಸಲಕ್ಕೆ ಮುಗಿಸಲು ಹೋದರೆ ಗೋಡೆಯ ಮೇಲೆ ಬಣ್ಣ ಇಳಿಯುತ್ತದೆ. ಎರಡು ಕೋಟ್‌ಗಳ ನಡುವಿನ ಸಮಯ ಕ್ಯಾನಿನ ಮೇಲೆ ಬರೆದಿರುತ್ತದೆ, ಅದನ್ನು ಮೀರುವಂತಿಲ್ಲ. ಅರ್ಧ ಗಟ್ಟಿಯಾದ ಎನಾಮೆಲ್ ಮೇಲೆ ಹೊಸ ಕೋಟ್ ಬಿದ್ದರೆ ಅದರ ದ್ರಾವಕ ಕೆಳಗಿನ ಪದರವನ್ನು ಉಬ್ಬಿಸಿ ಮೈಯೆಲ್ಲ ಸುಕ್ಕು ಮಾಡುತ್ತದೆ. ಒಮ್ಮೆ ಸುಕ್ಕೆದ್ದರೆ ಪೂರ್ತಿ ಒಣಗಿಸಿ, ಉಜ್ಜಿ, ಮೊದಲಿನಿಂದ ಶುರು ಮಾಡುವುದೊಂದೇ ದಾರಿ. ಕೀಲಿಗೂ ಒಳ ಅಂಚಿಗೂ ಮಾಸ್ಕಿಂಗ್ ಟೇಪ್ ಹಾಕಿರಬೇಕು, ಕೊನೆಯ ಕೋಟ್ ಇನ್ನೂ ಮೆತ್ತಗಿರುವಾಗಲೇ ಅದನ್ನು ಕೀಳಬೇಕು. ಕೈಗೆ ಅಂಟದಿದ್ದರೆ ಒಣಗಿತು ಎಂದುಕೊಂಡು ಮುಚ್ಚಳ ಹಾಕುವವರೇ ಹೆಚ್ಚು. ಒಂದು ವಾರ ತೆರೆದೇ ಇಡಿ. ಬಯಲಲ್ಲಿ ಅಥವಾ ಗಾಳಿಯಾಡುವಲ್ಲಿ, ಮಾಸ್ಕ್ ಹಾಕಿಕೊಂಡೇ ಸ್ಪ್ರೇ ಮಾಡಿ.

ಬ್ರಷ್‌ನಿಂದ ಬಳಿಯುವ ಅಕ್ರಿಲಿಕ್ ಇದಕ್ಕೆ ಅಗ್ಗದ ಬದಲಿ ಎಂದು ಹೇಳುವುದುಂಟು, ನಂಬಬೇಡಿ. ಒಣಗಿದ ಮೇಲೂ ಅದು ಕೊಂಚ ಮೆತ್ತಗೇ ಇರುತ್ತದೆ. ಮುಚ್ಚಳ ಮುಚ್ಚಿಟ್ಟರೆ ಎರಡು ಮೈಗಳ ಬಣ್ಣ ಒಂದಕ್ಕೊಂದು ಕಚ್ಚಿಕೊಂಡು, ತೆರೆಯುವಾಗ ಚಕ್ಕೆಯಾಗಿ ಏಳುತ್ತದೆ. ಸ್ಪ್ರೇ ಬಣ್ಣದ ಮೇಲೆ ಚಿತ್ತಾರ ಬರೆಯಲು ಮಾತ್ರ ಅದು ಸರಿ.

ಮೇಜಿನ ಮೇಲೆ ಕೂರುವ ಡಬ್ಬಿಗೆ, ಉಡುಗೊರೆಗೆ, ಕಾಗದವೇ ಮೇಲು. ಸ್ಪ್ರೇ ಬಣ್ಣಕ್ಕೆ ಇಷ್ಟು ನವಿರು ಚಿತ್ರ ಎಲ್ಲಿಂದ ಬರಬೇಕು? ಆದರೆ ಕೈ ಪಳಗಬೇಕು. ಕರಕುಶಲದ ದಪ್ಪ ಹಾಳೆ ದುಂಡು ಮೂಲೆಗಳಲ್ಲಿ ಮಡಿಕೆ ಬೀಳುತ್ತದೆ. ಚಿತ್ರವಿರುವ ಪೇಪರ್ ನ್ಯಾಪ್‌ಕಿನ್ ಚೆನ್ನಾಗಿ ಕೂರುತ್ತದೆ, ಅದರ ಎರಡು ಮೂರು ಪದರಗಳನ್ನು ಬಿಡಿಸಿ ಅಚ್ಚಿರುವ ಮೇಲಿನ ಪದರ ಮಾತ್ರ ಬಳಸಬೇಕು. ಅದು ಪಾರದರ್ಶಕವಾಗುವುದರಿಂದ ಕೆಳಗೆ ಬಿಳಿ ಬಣ್ಣದ ಕೋಟ್ ಇರಲೇಬೇಕು, ಇಲ್ಲದಿದ್ದರೆ ಹಳೆಯ ಅಕ್ಷರಗಳು ಹೂವಿನ ನಡುವಿಂದ ಇಣುಕುತ್ತವೆ. ಬಿಳಿ ಅಂಟು ಮೂರು ಪಾಲಿಗೆ ನೀರು ಒಂದು ಪಾಲು. ಅದನ್ನು ಡಬ್ಬಿಗೆ ತೆಳುವಾಗಿ ಹಚ್ಚಿ, ಕಾಗದವನ್ನು ನಡುವಿನಿಂದ ಹೊರಕ್ಕೆ ಒತ್ತುತ್ತ ಬನ್ನಿ. ಬೆರಳಿನಿಂದ ಒತ್ತಿದರೆ ಒದ್ದೆ ನ್ಯಾಪ್‌ಕಿನ್ ಹರಿಯುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಸವರಿ. ಮೂಲೆಯಲ್ಲಿ ಒಳಗೆ ಮಡಿಚುವ ಬದಲು 3–4 ಮಿ.ಮೀ. ಅಂತರದಲ್ಲಿ ಕತ್ತರಿಸಿ, ಎಸಳುಗಳನ್ನು ಒಂದರ ಮೇಲೊಂದು ಸ್ವಲ್ಪವೇ ಏರಿಸಿ ಅಂಟಿಸಿ. ಒಣಗಿದ ಮೇಲೆ ಅಂಚಿನ ಹೆಚ್ಚುವರಿ ಕಾಗದವನ್ನು ಕತ್ತರಿಸಬೇಡಿ. ಸ್ಯಾಂಡ್‌ಪೇಪರನ್ನು ಅಂಚಿನ ಮೇಲೆ ಓರೆಯಾಗಿ, ಕೆಳಮುಖವಾಗಿ ಮಾತ್ರ ಎಳೆದರೆ ಗೆರೆ ಹೊಡೆದಂತೆ ತಾನೇ ಉದುರುತ್ತದೆ.

ಮನೆಯಲ್ಲಿ ಪ್ರಿಂಟ್ ತೆಗೆದ ಚಿತ್ರವಾದರೆ ಲೇಸರ್ ಪ್ರಿಂಟ್ ಇರಲಿ. ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ನೀರಂಟು ತಾಗಿದರೆ ಹರಡುತ್ತದೆ. ಮುಚ್ಚಳದ ಮೇಲೆ ಉಬ್ಬಕ್ಷರಗಳಿದ್ದರೆ ಯಾವ ಕಾಗದವೂ ಅವನ್ನು ಮುಚ್ಚದು, ಅಂಚಿಗಿಂತ 2 ಮಿ.ಮೀ. ಚಿಕ್ಕದಾದ ತೆಳು ರಟ್ಟನ್ನು ಮೊದಲು ಅಂಟಿಸಿಕೊಳ್ಳಿ. ಮೇಲೆ ವಾರ್ನಿಷ್ ಎರಡು ಕೋಟ್. ಬರೀ ಬಿಳಿ ಅಂಟನ್ನೇ ಕೊನೆಯ ಕೋಟಾಗಿ ಬಿಟ್ಟರೆ ತೇವದ ಹವೆಯಲ್ಲಿ ಜಿಗುಟು ಹೋಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ಬೀಗದ ಕೈಗಳ ಜೊತೆ ಕಾಗದದ ಡಬ್ಬಿಯೇ ಮೊದಲು ಸೋತದ್ದು, ಅದೂ ಮೂಲೆಗಳಲ್ಲೇ.

ಬಟ್ಟೆ ಮುಚ್ಚಳದ ಮೇಲ್ಭಾಗಕ್ಕೆ ಮಾತ್ರ. ಗೋಡೆಗೆ ಸುತ್ತಿದರೆ ದಪ್ಪ ಹೆಚ್ಚಿ ಕೀಲು ಪೂರ್ತಿ ಹಿಂದಕ್ಕೆ ಬಾಗದು. ತೆಳು ಹತ್ತಿ ಬಟ್ಟೆಗೆ ನೀರು ಬೆರೆಸಿದ ಅಂಟು ಹಚ್ಚಿದರೆ ಅದು ನೂಲಿನೊಳಗೆ ಇಂಗಿ ಮೇಲೆ ಕಲೆಯಾಗುತ್ತದೆ. ಅಗಲದ ಡಬಲ್ ಸೈಡ್ ಟೇಪ್ ಒಳ್ಳೆಯದು. ಅಂಚಿನ ಎಳೆ ಬಿಚ್ಚದಂತೆ ಮೇಲೆ ತೆಳು ಲೇಸ್ ಅಥವಾ ಹೆಣೆದ ದಾರ ಅಂಟಿಸಿ. ಕೊಳೆ ಹಿಡಿದರೆ ತೊಳೆಯಲಾಗದು ಎಂಬುದು ಇದರ ದೊಡ್ಡ ಕೊರತೆ.

ವಿನೈಲ್ ಸ್ಟಿಕ್ಕರ್ ಹತ್ತು ನಿಮಿಷದ ಕೆಲಸ, ಮಕ್ಕಳ ಕೈಗೂ ಕೊಡಬಹುದು. ಚಪ್ಪಟೆ ಮೇಲ್ಮೈಗೆ ಗಟ್ಟಿಯಾಗಿ ನಿಲ್ಲುತ್ತದೆ. ದುಂಡು ಅಂಚಿಗೆ ಹೇರ್ ಡ್ರೈಯರ್ ಶಾಖ ಕೊಟ್ಟು ಎಳೆದು ಕೂರಿಸಿದರೂ, ಹಾಗೆ ಎಳೆದದ್ದು ಕೆಲ ದಿನಕ್ಕೆ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅಂಚಿಗೆ 1 ಮಿ.ಮೀ. ಮೊದಲೇ ಕತ್ತರಿಸಿಬಿಡಿ.

ಒಳಗೆ ಬಣ್ಣ ಬೇಡ. ತಳದ ಅಳತೆಗಿಂತ 1 ಮಿ.ಮೀ. ಚಿಕ್ಕದಾಗಿ ಕತ್ತರಿಸಿದ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ, ಮೆತ್ತನೆ ಬಟ್ಟೆ) ಹಾಸಿದರೆ ಸಾಮಾನು ಕಟಕಟ ಅನ್ನುವುದಿಲ್ಲ. ಸೂಜಿ ಡಬ್ಬಿಯಾದರೆ ಫೆಲ್ಟಿನ ಅಡಿಯಲ್ಲಿ ಪುಟ್ಟ ಚಪ್ಪಟೆ ಆಯಸ್ಕಾಂತವೊಂದನ್ನು ಇಡಿ, ಉಕ್ಕಿನ ತಗಡಾದ್ದರಿಂದ ಅಂಟಿಲ್ಲದೆಯೇ ಕಚ್ಚಿ ನಿಲ್ಲುತ್ತದೆ. ನಿಲ್ಲದಿದ್ದರೆ ಡಬ್ಬಿ ಅಲ್ಯೂಮಿನಿಯಂನದು, ಅದಕ್ಕೆ ಸ್ಪ್ರೇ ಹೊಡೆಯುವ ಮುಂಚೆ ಅಲ್ಯೂಮಿನಿಯಂಗೂ ಹಿಡಿಯುವ ಪ್ರೈಮರ್ ಬೇಕು. ಈ ಪರೀಕ್ಷೆಯನ್ನು ಬಣ್ಣಕ್ಕೆ ಮೊದಲೇ ಮಾಡಿಕೊಳ್ಳಿ.