ಗಾಜಿನ ಮೀಟಿಂಗ್ ರೂಮಿಗೆ ಗೊಡಾಕ್ಸ್ ಟಿಟಿ600 ಸಾಕಾ?

ಮೊದ್ಲೇ ಹೇಳ್ಬಿಡ್ತೀನಿ, ಈ ಫ್ಲ್ಯಾಶ್ ತಗೊಂಡಿದ್ದು ದುಡ್ಡು ಕಮ್ಮಿ ಅಂತ ಅಷ್ಟೇ. ಟಿಟಿಎಲ್ (ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾನೇ ಅಳೆದು ಹಾಕೋದು) ಇಲ್ಲ, ಪವರ್ ನಾವೇ ಹಾಕ್ಕೋಬೇಕು, 1/1 ಅಂದ್ರೆ ಫುಲ್, ಅಲ್ಲಿಂದ 1/128ವರೆಗೆ. ಆಮೇಲೆ ಔಟರ್ ರಿಂಗ್ ರೋಡ್ ಕಡೆ ಒಂದು ಆಫೀಸಲ್ಲಿ ನಲವತ್ತು ಜನರ ಪ್ರೊಫೈಲ್ ಫೋಟೋ ಕೆಲಸ ಸಿಕ್ತು, ರೂಮ್ ನೋಡಿದ್ರೆ ಮೂರು ಕಡೆ ಗಾಜು, ನಾಲ್ಕನೇ ಕಡೆ ಗೋಡೆ ತುಂಬಾ ಟಿವಿ, ಅದೂ ಒಂದು ಲೆಕ್ಕದಲ್ಲಿ ಗಾಜೇ.

ಕ್ಯಾಮೆರಾ ಮೇಲೇ ಕೂರಿಸಿ ಹೊಡೆದೆ, ತಲೆ ಪಕ್ಕದಲ್ಲೇ ದೊಡ್ಡ ಬಿಳಿ ಚುಕ್ಕೆ. ಸರಿ ಬೌನ್ಸ್ ಮಾಡೋಣ, ಸೀಲಿಂಗಿಗೆ ಹೊಡೆದು ಬೆಳಕು ಕೆಳಗೆ ಬೀಳಿಸೋಣ ಅಂದ್ರೆ ಸೀಲಿಂಗೇ ಇಲ್ಲ, ಕಪ್ಪು ಪೇಂಟ್ ಹೊಡೆದ ಎಸಿ ಡಕ್ಟು, ಪೈಪು. ಪಕ್ಕಕ್ಕೆ ತಿರುಗಿಸಿದ್ರೆ ಬೆಳಕು ಗಾಜು ದಾಟಿ ಕಾರಿಡಾರಿಗೆ ಹೋಯ್ತು, ಕಾಫಿ ಹಿಡ್ಕೊಂಡು ಹೋಗ್ತಿದ್ದವ್ರ ಮುಖ ಬೆಳಗ್ತು, ನಮ್ಮವ್ರದ್ದು ಇಲ್ಲ.

ಟಿಟಿ600 ಒಳಗೇ 2.4 ಗಿಗಾಹರ್ಟ್ಜ್ ವೈರ್‌ಲೆಸ್ ರಿಸೀವರ್ ಇದೆ, ಕ್ಯಾಮೆರಾ ಮೇಲೆ ಕೂತು ದೂರದ ಫ್ಲ್ಯಾಶ್ ಹೊಡೆಸೋ ಟ್ರಿಗರ್ ಒಂದು ಬೇರೆ ತಗೊಂಡ್ರೆ ಸಾಕು, ಸ್ಟ್ಯಾಂಡಿಗೆ ಹಾಕಿ ಬಿಳಿ ಅಂಬ್ರೆಲ್ಲಾ ಬಿಚ್ಚಿದೆ. ಬೆಳಕು ಚೆನ್ನಾಗೇ ಬಂತು. ಆದ್ರೆ ಮೊದಲನೇ ಮೇಡಂ ಸ್ಕ್ರೀನ್ ನೋಡಿ "ಸರ್, ನನ್ ಹಿಂದೆ ಛತ್ರಿ ಇದ್ಯಲ್ಲಾ" ಅಂದ್ರು. ಕಡ್ಡಿ ಸಮೇತ ಕಾಣ್ತಿತ್ತು.

ಕೇರಂ ಆಡಿದವ್ರಿಗೆ ಇದು ಅರ್ಥ ಆಗುತ್ತೆ, ಸ್ಟ್ರೈಕರ್ ಯಾವ ಕೋನದಲ್ಲಿ ಪಟ್ಟಿಗೆ ಬಡಿಯುತ್ತೋ ಅದೇ ಕೋನದಲ್ಲಿ ಆಚೆ ಕಡೆ ಹೋಗುತ್ತೆ. ನಾನು ಹಿಂದಿನ ಗಾಜಿಗೆ ಓರೆಯಾಗಿ ಎಡಕ್ಕೆ ನಿಂತ್ರೆ ಅದ್ರಲ್ಲಿ ನಂಗೆ ಕಾಣೋದು ರೂಮಿನ ಬಲಗಡೆ ಸಾಮಾನು, ಹಾಗಾಗಿ ಸ್ಟ್ಯಾಂಡನ್ನೂ ಎಡಕ್ಕೇ ತಂದು ಎತ್ತರಕ್ಕೆ ಏರಿಸಿದೆ (ಕನ್ನಡಕದವ್ರಿಗೂ ಈ ಎತ್ತರನೇ ಕಾಪಾಡಿದ್ದು), ಬಲಗಡೆ ಗಾಜಿಗೆ ಮಧ್ಯಾಹ್ನ ಹುಡುಗನ್ನ ಕಳಿಸಿ ತರಿಸಿದ ಕಪ್ಪು ಕಂಬಳಿ ಇಳಿಬಿಟ್ಟೆ. ನಾನು ಬಿಳಿ ಶರ್ಟ್ ಹಾಕ್ಕೊಂಡ್ ಹೋಗಿದ್ದೆ, ಅದು ಇನ್ನೊಂದು ದಡ್ಡತನ.

ಇದ್ರಲ್ಲಿ ಮಾಡೆಲಿಂಗ್ ಲೈಟ್ (ಹೊಡೆಯೋ ಮುಂಚೆ ನೋಡೋಕೆ ಉರೀತಾ ಇರೋ ಸಣ್ಣ ದೀಪ) ಇಲ್ಲ, ಪ್ರತಿಫಲನ ಎಲ್ಲಿ ಬೀಳುತ್ತೆ ಅಂತ ಹೊಡೆಯೋ ಮುಂಚೆ ಗೊತ್ತಾಗಲ್ಲ. ನಾನು ಮೊಬೈಲ್ ಟಾರ್ಚ್ ಆನ್ ಮಾಡಿ ಅಂಬ್ರೆಲ್ಲಾ ಕೋಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ, ಗಾಜಲ್ಲಿ ಟಾರ್ಚ್ ಕಾಣದೇ ಇರೋವರೆಗೂ ಸ್ಟ್ಯಾಂಡ್ ಸರಿಸೋದು. ಗಾಜಿನ ಹೊಳಪು ತಗ್ಗಿಸೋಕೆ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ಅಂತ ಎಲ್ರೂ ಹೇಳ್ತಾರೆ, ನೇರಕ್ಕೆ ನಿಂತು ಹೊಡೆದ್ರೆ ಅದ್ರಿಂದ ಏನೂ ಉಪಯೋಗ ಇಲ್ಲ, ಚೆನ್ನಾಗಿ ಓರೆ ಇದ್ರೇನೇ ಕೆಲಸ ಮಾಡೋದು, ಅದಕ್ಕೂ ಒಂದೂವರೆ ಸ್ಟಾಪ್, ಅಂದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಬೆಳಕು ತಿನ್ನುತ್ತೆ.

ಮ್ಯಾನುಯಲ್ ಅನ್ನೋದನ್ನ ಕೊರತೆ ಅನ್ಕೊಂಡಿದ್ದೆ, ಈ ರೂಮಲ್ಲಿ ಅದೇ ಒಳ್ಳೇದಾಯ್ತು. ಟಿಟಿಎಲ್ ಮೊದಲು ಒಂದು ಸಣ್ಣ ಫ್ಲ್ಯಾಶ್ ಬಿಟ್ಟು ವಾಪಸ್ ಬಂದ ಬೆಳಕು ಅಳೆಯುತ್ತೆ, ಗಾಜಿಂದ ಹೊಳಪು ತಿರುಗಿ ಬಂದ್ರೆ ಅದನ್ನೇ ನಂಬಿ ಮುಖ ಕತ್ತಲೆ ಮಾಡುತ್ತೆ. ಇದ್ರಲ್ಲಿ ಒಂದ್ಸಲ ಫ್ಲ್ಯಾಶ್ 1/2 ಪವರ್, ಕ್ಯಾಮೆರಾದಲ್ಲಿ ಅಪರ್ಚರ್ ಎಫ್/8, ಶಟರ್ 1/200 ಸೆಕೆಂಡ್, ಐಎಸ್ಒ 100 ಕೂರಿಸಿದ್ಮೇಲೆ ನಲವತ್ತು ಜನಕ್ಕೂ ಅದೇ. ಹೊರಗಡೆ ಬಿಸಿಲು ಹೆಚ್ಚುಕಮ್ಮಿ ಆದ್ರೆ ಶಟರ್ ವೇಗ ಮಾತ್ರ ಇಳಿಸಿ ಮತ್ತೆ ಏರಿಸೋದು, ಫ್ಲ್ಯಾಶ್ ಕ್ಷಣದಲ್ಲಿ ಮುಗಿಯೋದ್ರಿಂದ ಮುಖದ ಬೆಳಕು ಅಲ್ಲಾಡಲ್ಲ. ನನ್ನ ಕ್ಯಾಮೆರಾದಲ್ಲಿ 1/200 ದಾಟಿದ್ರೆ ಎಚ್ಎಸ್ಎಸ್ (ವೇಗದ ಶಟರಿಗೂ ಫ್ಲ್ಯಾಶ್ ಹೊಂದಿಸೋ ಹೈ ಸ್ಪೀಡ್ ಸಿಂಕ್) ಬೇಕು, ಅದು ಈ ಫ್ಲ್ಯಾಶಲ್ಲಿ ಟ್ರಿಗರ್ ಮೂಲಕ ಮಾತ್ರ ಬರುತ್ತೆ, ಕ್ಯಾಮೆರಾ ಮೇಲೆ ಕೂರಿಸಿದ್ರೆ ಇಲ್ಲ. ಬಂದ್ರೂ ಬೆಳಕು ಬಹಳ ಕುಗ್ಗುತ್ತೆ, ಕಿಟಕಿ ಹಿಂದೆ ಬಿಸಿಲಿದ್ರೆ ಅಂಬ್ರೆಲ್ಲಾ ಒಳಗಿಂದ ಒಂದೇ ಫ್ಲ್ಯಾಶ್ ಸಾಲಲ್ಲ.

ನಾಲ್ಕು ಎಎ ಸೆಲ್ಲು, ರೀಚಾರ್ಜಬಲ್ಲೇ ಹಾಕಿ, ಎರಡು ಸೆಟ್ ಇಟ್ಕೊಳ್ಳಿ. ಫುಲ್ ಪವರಲ್ಲಿ ಮುಂದಿನ ಫ್ಲ್ಯಾಶಿಗೆ ಎರಡೂವರೆ ಸೆಕೆಂಡ್ ಹತ್ರ ಕಾಯಬೇಕು.

ಓಡಾಡ್ಕೊಂಡು ಮದುವೆ ಶೂಟ್ ಮಾಡೋರು ಟಿಟಿಎಲ್ ಇರೋದೇ ನೋಡಿ, ಒಂದ್ಕಡೆ ಸ್ಟ್ಯಾಂಡ್ ಊರಿ ಜನರನ್ನ ಕೂರಿಸಿ ತೆಗೆಯೋರಿಗೆ ಇದು ಧಾರಾಳ ಸಾಕು. ಸಂಜೆ ಆರೂವರೆ ಆದ್ಮೇಲೆ ಮಾತ್ರ ನಾನೂ ಕೈ ಎತ್ತಿದೆ, ಹೊರಗೆ ಕತ್ತಲಾದ್ರೆ ಗಾಜು ಪೂರ್ತಿ ಕನ್ನಡಿ, ಕೊನೇ ಐದು ಜನರನ್ನ ಲಿಫ್ಟ್ ಪಕ್ಕದ ಗೋಡೆಗೆ ನಿಲ್ಲಿಸಿ ಮುಗಿಸಿದ್ದು. ಮುಂದಿನ ತಿಂಗ್ಳು ಅಲ್ಲೇ ಇನ್ನೊಂದು ಬ್ಯಾಚ್ ಇದೆ, ಬೆಳಿಗ್ಗೆ ಹತ್ತಕ್ಕೇ ಬರ್ತೀನಿ, ಗೇಟಲ್ಲಿ ಕಂಬಳಿಗೂ ಎಂಟ್ರಿ ಮಾಡ್ಸಿಡಿ ಅಂತ ಎಚ್ಆರ್ ಮೇಡಂಗೆ ಹೇಳಿದೀನಿ.